ಪಿ.ಯು.ಸಿ.ಯಲ್ಲಿ ಅಂಕ ಕಡಿಮೆ ಬಂದರೆ ಡಾಕ್ಟರ್ ಓದುವ ಬಾಗಿಲು ಮುಚ್ಚಿತೇ?



ಪ್ರತಿ ಸಲವೂ ಈ ಪುಟದಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯುವ ನಾನು ಈ ಬಾರಿ ಬೇರೆ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಮದ್ದೂರು ತಾಲ್ಲೂಕಿನ ಒಂದು ಸಂಘದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಹಸುವನ್ನು ಮನೆಗೆ ಹೊಡೆದುಕೊಂಡು ಹೋಗಬೇಕಾಗಿದ್ದ ಸದಸ್ಯೆಯೊಬ್ಬರು ಅಲ್ಲೇ ನಿಂತಿದ್ದರು. ಏನಮ್ಮ ಎಂದು ಕೇಳಿದೆ. "ಹಸೀನ ವಿಷ್ಯ ಅಲ್ಲ ಸಾರ್, ಮಗಳ ವಿಷ್ಯ. ಪಿ.ಯು.ಸಿ.ಯಲ್ಲಿ ಐವತ್ತೆರಡು ಪರ್ಸೆಂಟ್ ಬಂದದೆ. ಡಾಕ್ಟ್ರೇ ಆಗ್ಬೇಕು ಅಂತ ಊಟ ಬಿಟ್ಟು ಕೂತವ್ಳೆ. ಒಬ್ರು ಬಂದು ದುಡ್ಡು ಕೊಟ್ರೆ ಸೀಟು ಕೊಡಿಸ್ತೀನಿ ಅಂತವ್ರೆ. ಕೊಡ್ಬೋದಾ?" ಎಂದರು.

ಆ ತಾಯಿಗೆ ಅಂದು ಹತ್ತು ನಿಮಿಷದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದೇ ಪ್ರಶ್ನೆ ಮಂಡ್ಯ, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇದೆ ಎಂಬುದು ನನಗೆ ಗೊತ್ತು. ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರ್ ಎಂದೇ ಹೆಸರಾದ ಡಾ. ಶಂಕರೇಗೌಡರನ್ನು ನೋಡಿ ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಡಾಕ್ಟರಾಗುವ ಆಸೆ ಬರುವುದು ಸಹಜವೇ. ಆಸೆ ತಪ್ಪಲ್ಲ. ದಾರಿ ತಿಳಿಯದೆ ಹೊರಡುವುದು ತಪ್ಪು.

ಹಾಲಿನ ಪರೀಕ್ಷೆಯಂತೆಯೇ ಇದು

ನೀವು ಸಂಘಕ್ಕೆ ಹಾಲು ತಂದಾಗ ಪರೀಕ್ಷಕರು ನಿಮ್ಮ ಹಸು ಕಳೆದ ವರ್ಷ ಎಷ್ಟು ಜಿಡ್ಡು ಕೊಟ್ಟಿತ್ತು ಎಂದು ಕೇಳುವುದಿಲ್ಲ. ಕನಿಷ್ಠ ಗುಣಮಟ್ಟ ಇದೆಯೇ ಎಂದು ನೋಡುತ್ತಾರೆ. ಅದು ಇದ್ದರೆ ಇಂದಿನ ಹಾಲಿನ ಅಳತೆಗೆ ತಕ್ಕ ಬೆಲೆ ಬರೆಯುತ್ತಾರೆ. ಎಂ.ಬಿ.ಬಿ.ಎಸ್. ಸೀಟಿನ ಲೆಕ್ಕವೂ ಈಗ ಹೆಚ್ಚುಕಡಿಮೆ ಹೀಗೆಯೇ ಇದೆ.

ಈಗ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ನೀಟ್ ಎಂಬ ಒಂದೇ ಪರೀಕ್ಷೆ. ಅದರಲ್ಲಿ ಬಂದ ರ್ಯಾಂಕಿನ ಮೇಲೆಯೇ ಸೀಟು. ಎಸ್.ಎಸ್.ಎಲ್.ಸಿ. ಅಂಕವನ್ನು ಯಾರೂ ಕೇಳುವುದಿಲ್ಲ. ಪಿ.ಯು.ಸಿ. ಅಂಕ ರ್ಯಾಂಕಿಗೆ ಸೇರುವುದಿಲ್ಲ. ಅದು ಒಳಗೆ ಬಿಡುವ ಹೊಸ್ತಿಲು ಮಾತ್ರ. ನಮ್ಮ ರಾಜ್ಯದಲ್ಲಿ ಈವರೆಗೆ ಪಾಲಿಸಿಕೊಂಡು ಬಂದ ಅಳತೆಯಂತೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40 ಅಂಕ ಬೇಕು. ಇಂಗ್ಲಿಷಿನಲ್ಲಿ ತೇರ್ಗಡೆ ಆಗಿರಬೇಕು. ಪ್ರವೇಶ ಪಡೆಯುವ ವರ್ಷದ ಪುಸ್ತಿಕೆಯನ್ನು ನೋಡಿ ಇದನ್ನು ಖಚಿತ ಮಾಡಿಕೊಳ್ಳಿ.

ಅಂದರೆ ಮೂರು ವಿಷಯಗಳಲ್ಲಿ ಶೇ. 52 ಪಡೆದ ಮಗುವೂ ಶೇ. 95 ಪಡೆದ ಮಗುವೂ ನೀಟ್ ಕೊಠಡಿಯಲ್ಲಿ ಒಂದೇ ಗೆರೆಯಿಂದ ಓಟ ಆರಂಭಿಸುತ್ತಾರೆ. ಹೊಸ್ತಿಲಿನಷ್ಟೂ ಅಂಕ ಬಂದಿಲ್ಲದವರಿಗೂ ದಾರಿ ಇದೆ. 2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದ್ದಾರೆ. ಮತ್ತೆ ಬರೆದು ಉತ್ತಮವಾಗಿ ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ನೀಟ್ ಬರೆಯಲು ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ.

ಇನ್ನೊಂದು ಮುಖವನ್ನೂ ನೋಡಿ

ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ದಾರಿ ಸುಲಭ ಎಂದು ತಿಳಿಯಬೇಡಿ. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು ಮಂದಿ. ಅರ್ಹತೆ ಪಡೆದವರು ಸುಮಾರು 12 ಲಕ್ಷ 36 ಸಾವಿರ. ದೇಶದಲ್ಲಿ ಇರುವ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅರ್ಹರಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು ಎಂದು ಲೆಕ್ಕ ಇಟ್ಟುಕೊಳ್ಳಿ.

ಇಲ್ಲಿಯೇ ನಮ್ಮವರು ಎಡವುತ್ತಾರೆ. 2025ರಲ್ಲಿ 720ಕ್ಕೆ 144 ಅಂಕ ಬಂದಿದ್ದರೆ ಸಾಮಾನ್ಯ ವರ್ಗದವರು ಅರ್ಹರು. ಮೀಸಲು ವರ್ಗದವರಿಗೆ 113 ಸಾಕಾಗಿತ್ತು. ಮಗು ಕ್ವಾಲಿಫೈ ಆಯಿತು ಎಂದು ಊರಿಗೆಲ್ಲ ಸಿಹಿ ಹಂಚಿದವರನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ರಾಜ್ಯದ ಸರ್ಕಾರಿ ಸೀಟಿಗೆ ಸಾಮಾನ್ಯ ವರ್ಗದಲ್ಲಿ ಆ 144ರ ಮೂರು ಪಟ್ಟಿಗಿಂತಲೂ ಹೆಚ್ಚು ಬೇಕಾಯಿತು. ಅರ್ಹತೆ ಎಂದರೆ ಸಂತೆಯೊಳಗೆ ಹೋಗಲು ಚೀಟಿ, ಅಷ್ಟೇ; ರಾಸು ಕೈಗೆ ಬಂದಂತಲ್ಲ. ದಲ್ಲಾಳಿಗಳು ಬರುವುದೂ ಈ ಅರ್ಹತೆಗೂ ಸೀಟಿಗೂ ನಡುವಿನ ಕಂದಕದಲ್ಲಿಯೇ.

ಹಿಂಬಾಗಿಲು ಇದೆಯೇ?

ಹಿಂದೆ ಇತ್ತು. ಅದನ್ನು ಮುಚ್ಚಿದ ಕಥೆಯಲ್ಲಿ ನಮ್ಮ ಕರ್ನಾಟಕದ ಹೆಸರೇ ದೊಡ್ಡದಾಗಿದೆ. ಕ್ಯಾಪಿಟೇಷನ್ ಎಂಬ ವಂತಿಗೆ ವಸೂಲಿಯನ್ನು ತಡೆಯಲು ನಮ್ಮ ರಾಜ್ಯ 1984ರಲ್ಲಿ ಕಾನೂನು ಮಾಡಿತು. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಸೀಟು ಕೇಳಿದಾಗ ಹೊರ ರಾಜ್ಯದವರಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ಶುಲ್ಕ ಇತ್ತು. ಸರ್ಕಾರಿ ಸೀಟಿನವರಿಗೆ ಇದ್ದದ್ದು 2 ಸಾವಿರ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. ವಂತಿಗೆ ಪಡೆದು ಸೀಟು ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ತೀರ್ಪು ಬಂತು. 1994ರಿಂದ ರಾಜ್ಯದಲ್ಲಿ ಸಿ.ಇ.ಟಿ. ನಡೆಯತೊಡಗಿತು. ಆಮೇಲೆ ನೀಟ್ ಬಂತು.

ಈಗ ಖಾಸಗಿ ಕಾಲೇಜಿನ ಸೀಟು ಕೂಡ, ಅದು ಸರ್ಕಾರಿ ಕೋಟಾ ಆಗಲಿ, ಖಾಸಗಿ ಕೋಟಾ ಆಗಲಿ, ಎನ್.ಆರ್.ಐ. ಆಗಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕವೇ ನೀಟ್ ರ್ಯಾಂಕಿನಂತೆ ಹಂಚಿಕೆಯಾಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ಸಮಿತಿ ಹಂಚುತ್ತದೆ. ದುಡ್ಡಿದ್ದವರಿಗೆ ಕಡಿಮೆ ರ್ಯಾಂಕಿನಲ್ಲಿ ದುಬಾರಿ ಸೀಟು ಸಿಗುವುದು ನಿಜ. ಆದರೆ ಆ ಸೀಟಿಗೂ ಮಗುವೇ ಅರ್ಜಿ ಹಾಕಬೇಕು, ಮಗುವಿನ ರ್ಯಾಂಕೇ ಬರಬೇಕು. ನಡುವೆ ಯಾವ ಮನುಷ್ಯನಿಗೂ ಕೆಲಸವಿಲ್ಲ.

ಮಳವಳ್ಳಿ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರು ಇದನ್ನು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆಂದ ದಲ್ಲಾಳಿಗೆ ನಾಲ್ಕು ಲಕ್ಷ ಮುಂಗಡ ಕೊಟ್ಟರು. ಎರಡು ಮಿಶ್ರತಳಿ ಹಸು ಮಾರಿದ್ದು, ಒಡವೆ ಅಡವಿಟ್ಟದ್ದು, ಕೈಸಾಲ ಎಲ್ಲವೂ ಅದರಲ್ಲಿ ಸೇರಿತ್ತು. ಪ್ರವೇಶದ ದಿನ ತಂದೆ ಮಗ ಕಾಲೇಜಿನ ಬಾಗಿಲಿಗೆ ಹೋದರೆ ಅಲ್ಲಿನವರಿಗೆ ಆ ದಲ್ಲಾಳಿಯ ಹೆಸರೇ ಗೊತ್ತಿರಲಿಲ್ಲ. ಅವನ ಫೋನು ಅಂದಿನಿಂದ ಸ್ವಿಚ್ ಆಫ್. ರಸೀದಿ ಇಲ್ಲ, ಕಾಗದ ಇಲ್ಲ.

ಈ ನಾಲ್ಕು ಲಕ್ಷ ಎಂದರೆ ಎಷ್ಟು ಹಾಲು? ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಯಿಂದ ವರ್ಷಕ್ಕೆ 3,650 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೆ 1,27,750 ರೂಪಾಯಿ. ಮೇವು, ಹಿಂಡಿ, ಔಷಧಿ ಯಾವುದನ್ನೂ ಕಳೆಯದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಾಕಿದ ಹಾಲು ಒಂದು ಸಂಜೆಯಲ್ಲಿ ಹೋಯಿತು. ಮೂರು ವರ್ಷದ ನಸುಕಿನ ನಿದ್ದೆ ಹೋಯಿತು ಎನ್ನಿ.

ಹೊರದೇಶಕ್ಕೆ ಕಳುಹಿಸುತ್ತೇವೆ ಎಂದರೆ

ಕೆಲವರು ರಷ್ಯಾ, ಜಾರ್ಜಿಯಾ, ಫಿಲಿಪ್ಪೀನ್ಸ್ ಎಂದು ಹೇಳುತ್ತಾ ಬರುತ್ತಾರೆ. ಹೊರದೇಶದ ಓದೆಲ್ಲವೂ ಮೋಸ ಎಂದು ನಾನು ಹೇಳುವುದಿಲ್ಲ. ಆದರೆ ಈ ನಾಲ್ಕು ಮಾತು ತಿಳಿದಿರಲಿ.

ಒಂದು, ಹೊರದೇಶದಲ್ಲಿ ಓದಿ ಇಲ್ಲಿ ವೈದ್ಯರಾಗಬೇಕಾದರೂ ನೀಟ್ ಅರ್ಹತೆ ಬೇಕೇ ಬೇಕು. ಎರಡು, 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಅಲ್ಲಿಯೇ 12 ತಿಂಗಳು ಇಂಟರ್ನ್‌ಶಿಪ್ ಮಾಡಿರಬೇಕು; ಬಂದ ಮೇಲೆ ಇಲ್ಲಿಯೂ ಮಾಡಬೇಕು. ಮೂರು, ವಾಪಸು ಬಂದವರು ಬರೆಯಬೇಕಾದ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಬರಬೇಕು. ಈಚಿನ ವರ್ಷಗಳಲ್ಲಿ ಹಲವು ಸಲ ನಾಲ್ವರಲ್ಲಿ ಒಬ್ಬರೂ ತೇರ್ಗಡೆಯಾಗಿಲ್ಲ. ನಾಲ್ಕು, ಮಗು ದೂರದಲ್ಲಿರುತ್ತದೆ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಪಿ.ಯು.ಸಿ.ಯಲ್ಲಿ ಶೇ. 97 ಪಡೆದಿದ್ದ ಹುಡುಗ. ಇಲ್ಲಿ ಕೈಗೆಟಕುವ ಸೀಟು ಸಿಗಲಿಲ್ಲವೆಂದು ಯುಕ್ರೇನಿಗೆ ಹೋಗಿದ್ದ ಆತ 2022ರ ಮಾರ್ಚ್ 1ರಂದು ಖಾರ್ಕಿವ್ ನಗರದ ಯುದ್ಧದಲ್ಲಿ ತೀರಿಕೊಂಡ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆದರೆ ನಿರ್ಧಾರ ಮಾಡುವ ಮುನ್ನ ತಂದೆ ತಾಯಿ ಎಲ್ಲವನ್ನೂ ತೂಗಿ ನೋಡಬೇಕು.

ಹಾಗಾದರೆ ಏನು ಮಾಡಬೇಕು?

ಹಸು ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದಿದ್ದರೆ ನಾವು ನಾಲ್ಕನೇ ಸಲ ಸುಮ್ಮನೆ ಸೂಜಿ ಹಾಕಿಸುವುದಿಲ್ಲ. ಮೊದಲು ಕಾರಣ ಹುಡುಕುತ್ತೇವೆ. ಮೇವು ಸಾಲದೇ, ಜಂತುಹುಳು ಇದೆಯೇ, ಬೆದೆಯ ಹೊತ್ತು ತಪ್ಪಿದೆಯೇ, ಗರ್ಭಕೋಶದಲ್ಲಿ ನಂಜು ಇದೆಯೇ ಎಂದು ನೋಡುತ್ತೇವೆ. ಕಡಿಮೆ ಅಂಕ ಬಂದ ಮಗುವಿನ ಬಗ್ಗೆಯೂ ಇದನ್ನೇ ಮಾಡಿ. ಬೈಯುವುದಕ್ಕೆ ಮೊದಲು ಕಾರಣ ಹುಡುಕಿ.

ಇಲ್ಲಿ ನನ್ನ ಮಾತನ್ನೇ ಹೇಳಿಬಿಡುತ್ತೇನೆ. 1998ರಲ್ಲಿ ನಾನು ಪಿ.ಯು.ಸಿ. ಭೌತಶಾಸ್ತ್ರದಲ್ಲಿ ನಪಾಸಾದವನು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ್ದೆ. ಪಿ.ಯು.ಸಿ.ಯಲ್ಲಿ ಒಮ್ಮೆಲೇ ಎಲ್ಲವೂ ಇಂಗ್ಲಿಷ್ ಆಯಿತು. ಪಾಠ ಅರ್ಥವಾಗುತ್ತಿರಲಿಲ್ಲ, ಕೇಳಲು ನಾಚಿಕೆ. ನಪಾಸಾದ ಮೇಲೆ ಒಂದು ವರ್ಷ ಮನೆಯಲ್ಲೇ ಇದ್ದು ಬೆಳಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕಿ, ನಡುವೆ ಓದಿದೆ. ಒಂದೊಂದು ಇಂಗ್ಲಿಷ್ ಪದಕ್ಕೂ ಕನ್ನಡದಲ್ಲಿ ಅರ್ಥ ಬರೆದುಕೊಂಡೆ. ನನ್ನ ರೋಗ ಭೌತಶಾಸ್ತ್ರ ಅಲ್ಲ, ಭಾಷೆ ಎಂದು ಆಗ ತಿಳಿಯಿತು. ಮರು ವರ್ಷ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ಒಂದು ವರ್ಷ ಅಪ್ಪ ನನಗೆ ಒಂದು ಕಟು ಮಾತೂ ಆಡಲಿಲ್ಲ. ಅದರ ಬೆಲೆ ನನಗೆ ಈಗ ತಿಳಿಯುತ್ತಿದೆ.

ಓದಿನ ವಿಷಯದಲ್ಲಿ ನಾಲ್ಕು ಸೂಚನೆಗಳು:

1. ನೀಟ್‌ಗೆ ಬುಡ ಎನ್.ಸಿ.ಇ.ಆರ್.ಟಿ. ಪುಸ್ತಕಗಳೇ. ನಮ್ಮ ಪಿ.ಯು.ಸಿ. ವಿಜ್ಞಾನದ ಪಠ್ಯವೂ ಅದೇ. ದುಬಾರಿ ಗೈಡುಗಳಿಗೆ ಮುಂಚೆ ಇವನ್ನು ಸಾಲು ಬಿಡದೆ ಓದಬೇಕು.

2. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 720 ಅಂಕ. ಅದರಲ್ಲಿ 90 ಪ್ರಶ್ನೆ, ಅಂದರೆ 360 ಅಂಕ ಜೀವಶಾಸ್ತ್ರದ್ದೇ. ಲೆಕ್ಕದಲ್ಲಿ ಹಿಂದುಳಿದ ಮಗು ಜೀವಶಾಸ್ತ್ರವನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಭಾರ ಇಳಿದಂತೆ. ಆದರೆ ಉಳಿದೆರಡನ್ನು ಬಿಟ್ಟರೆ ಸೀಟಿಲ್ಲ.

3. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಕಣ್ಣು ಮುಚ್ಚಿ ಗುರುತು ಹಾಕುವ ಅಭ್ಯಾಸ ಬಿಡಿಸಬೇಕು.

4. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಕೇಳಿ ಪಡೆಯಬಹುದು. ಜೊತೆಯಲ್ಲಿ ಇಂಗ್ಲಿಷೂ ಇರುತ್ತದೆ. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಅರ್ಜಿ ಹಾಕುವಾಗಲೇ ಭಾಷೆ ಆರಿಸಬೇಕು.

ಇನ್ನೊಂದು ವರ್ಷ ಓದಿಸಬೇಕೇ ಎಂದು ಕೇಳುವವರು ಹಾಲಿನ ಪುಸ್ತಕದಂತೆ ಒಂದು ಪುಸ್ತಕ ಇಡಿ. ವಾರಕ್ಕೊಂದು ಮಾದರಿ ಪರೀಕ್ಷೆ ಬರೆಸಿ ಅಂಕ ಬರೆದಿಡಿ. ನಾಲ್ಕೈದು ತಿಂಗಳಲ್ಲಿ ಅಂಕ ಏರುತ್ತಿದ್ದರೆ ಮುಂದುವರಿಸಿ. ನಿಂತಲ್ಲೇ ನಿಂತಿದ್ದರೆ ಮಗುವಿನೊಂದಿಗೆ ಕುಳಿತು ಬೇರೆ ದಾರಿ ಮಾತಾಡಿ. ಎಷ್ಟು ವರ್ಷ ಎಂಬ ಗಡಿಯನ್ನು ಮೊದಲೇ ಹಾಕಿಕೊಳ್ಳಿ.

ಹಳ್ಳಿಯ ಮಕ್ಕಳಿಗೆ ಇರುವ ಬಲ

ನಮ್ಮ ಎಷ್ಟೋ ಸದಸ್ಯರಿಗೆ ಗೊತ್ತಿಲ್ಲದ ವಿಷಯ ಇದು. ರಾಜ್ಯದ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಜಾತಿ, ಪ್ರವರ್ಗದ ಮೀಸಲಾತಿ ಇರುವವರಿಗೆ ಅದರೊಳಗೂ ಇದು ದೊರೆಯುತ್ತದೆ. ಕಡಿಮೆ ಅಂಕದ ಮಗುವಿಗೆ ಇದು ದೊಡ್ಡ ಆಸರೆ.

ಆದರೆ ಗಮನಿಸಿ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಇರುವ ಊರಲ್ಲ, ಶಾಲೆ ಇರುವ ಊರು. ಹಳ್ಳಿಯಲ್ಲಿ ಮನೆ ಇದ್ದು ಮದ್ದೂರು, ಮಳವಳ್ಳಿ ಪಟ್ಟಣದ ಶಾಲೆಗೆ ದಿನವೂ ವ್ಯಾನಿನಲ್ಲಿ ಹೋಗಿ ಓದಿದ ಮಗುವಿಗೆ ಗ್ರಾಮೀಣ ಮೀಸಲಾತಿ ಇಲ್ಲ. ಅದು ಇಂಗ್ಲಿಷ್ ಮಾಧ್ಯಮ ಆಗಿದ್ದರೆ ಎರಡೂ ಹೋಯಿತು. ಚಿಕ್ಕ ಮಕ್ಕಳಿರುವ ಸದಸ್ಯರು ಇದನ್ನು ಈಗಲೇ ಯೋಚಿಸಿ.

ಅರ್ಜಿಗೆ ಮುಂಚೆ ಸಿದ್ಧವಿರಬೇಕಾದದ್ದು:

1. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ. ಶಾಲೆಯ ಮುಖ್ಯೋಪಾಧ್ಯಾಯರಿಂದ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಮಾಡಿಸಬೇಕು.

2. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ. ಹೆಸರು ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ.

3. ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ.

4. ನೀಟ್ ಅರ್ಜಿ ಬೇರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ಬೇರೆ. ಎರಡನ್ನೂ ಹಾಕಬೇಕು. ಒಂದನ್ನೇ ಹಾಕಿ, ರ್ಯಾಂಕ್ ಬಂದರೂ ರಾಜ್ಯದ ಸೀಟಿಗೆ ತೊಂದರೆಪಟ್ಟವರಿದ್ದಾರೆ. ಮೀಸಲಾತಿಯನ್ನು ಅರ್ಜಿಯಲ್ಲೇ ನಮೂದಿಸಬೇಕು.

ಖರ್ಚಿನ ಮಾತು. ಮಂಡ್ಯದಲ್ಲಿಯೇ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೈಸೂರಿನಲ್ಲಿ 1924ರ ಹಳೆಯ ಮೆಡಿಕಲ್ ಕಾಲೇಜು ಇವೆ. ಇಂಥ ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಒಂದು ಲಕ್ಷದ ಒಳಗೆ. ನಾಗಮಂಗಲ ತಾಲ್ಲೂಕು ಬಿ.ಜಿ. ನಗರದಲ್ಲಿರುವ 1986ರ ಆದಿಚುಂಚನಗಿರಿ ಸಂಸ್ಥೆ ಖಾಸಗಿಯದು. ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ ಶುಲ್ಕ ಒಂದೂವರೆ ಲಕ್ಷದ ಆಸುಪಾಸು ಇದ್ದರೆ ಖಾಸಗಿ ಕೋಟಾ ಹತ್ತು ಲಕ್ಷ ಮುಟ್ಟುತ್ತದೆ, ಮೀರುವುದೂ ಉಂಟು. ಸೀಟು ಸಿಕ್ಕ ಹಿಂದುಳಿದ ವರ್ಗಗಳ ಮಕ್ಕಳಿಗೆ ಡಿ. ದೇವರಾಜ ಅರಸು ನಿಗಮದ ಅರಿವು ಸಾಲ ಇದೆ. ಬ್ಯಾಂಕಿನ ಶಿಕ್ಷಣ ಸಾಲವೂ ಇದೆ.

ಎಂ.ಬಿ.ಬಿ.ಎಸ್. ಆಗದಿದ್ದರೆ

ನನ್ನ ವೃತ್ತಿಯ ಬಗ್ಗೆ ನಾನೇ ಹೇಳಿಕೊಂಡರೆ ಹೊಗಳಿಕೆ ಎನ್ನಬೇಡಿ. ಐದೂವರೆ ವರ್ಷದ ಪಶುವೈದ್ಯ ಪದವಿಗೆ ರಾಜ್ಯದ ಹೆಚ್ಚಿನ ಸೀಟುಗಳು ಸಿ.ಇ.ಟಿ. ಮೂಲಕ ಸಿಗುತ್ತವೆ. ಅಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೊಟ್ಟಿಗೆಯಲ್ಲಿ ಬೆಳೆದ ಮಗುವಿಗೆ ಬೀಜ, ಮೇವು, ಉಪಕರಣ ಗುರುತಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಬ್ಬಾಳದ 1958ರ ಕಾಲೇಜಲ್ಲದೆ ಹಾಸನ, ಶಿವಮೊಗ್ಗದಲ್ಲಿಯೂ ಕಾಲೇಜುಗಳಿವೆ. ಆದರೆ ಇಲ್ಲಿ ಪಿ.ಯು.ಸಿ. ಅಂಕವೂ ಅರ್ಧ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ. ಆಯುರ್ವೇದ, ಹೋಮಿಯೋಪಥಿಗೆ ನೀಟ್ ಬೇಕು, ಪೈಪೋಟಿ ಕಡಿಮೆ. ನರ್ಸಿಂಗ್, ಔಷಧ ವಿಜ್ಞಾನ, ಪ್ರಯೋಗಾಲಯ ತಂತ್ರಜ್ಞಾನ ಇವೂ ಆಸ್ಪತ್ರೆಯೊಳಗಿನ ಕೆಲಸಗಳೇ. ದಲ್ಲಾಳಿಗೆ ದುಡ್ಡು ಕಳೆದುಕೊಂಡ ಆ ಸದಸ್ಯರ ಮಗ ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾನೆ. ಮೊನ್ನೆ ಊರಿಗೆ ಬಂದವನು ಅಜ್ಜಿಗೆ ರಕ್ತದೊತ್ತಡ ನೋಡುತ್ತಿದ್ದ.

ಕೊನೆಯ ಮಾತು

ಫಲಿತಾಂಶ ಬಂದ ವಾರ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದ ಮನೆಯ ಮಗುವಿನ ಅಂಕದ ಜೊತೆ ತೂಗಬೇಡಿ. ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಬದುಕು ಸಾಕು ಎಂದರೆ ತಡಮಾಡದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ ಅಥವಾ ಸರ್ಕಾರದ ಉಚಿತ ಮನೋಸಹಾಯವಾಣಿ 14416ಕ್ಕೆ ಕರೆ ಮಾಡಿ. ಸೀಟು ಮುಂದಿನ ವರ್ಷವೂ ಬರುತ್ತದೆ.

ಮದ್ದೂರಿನ ಆ ತಾಯಿ ದಲ್ಲಾಳಿಗೆ ಹಣ ಕೊಡಲಿಲ್ಲ. ಮಗಳು ಹಟ್ಟಿಯ ಪಕ್ಕದ ಕೋಣೆಯಲ್ಲಿ ಎನ್.ಸಿ.ಇ.ಆರ್.ಟಿ. ಪುಸ್ತಕ ಹಿಡಿದು ಕುಳಿತಿದ್ದಾಳೆ. ಗೋಡೆಗೆ ವಾರದ ಅಂಕಗಳ ಹಾಳೆ ಅಂಟಿಸಿದ್ದಾಳೆ. ಅವಳಿಗೆ ಸೀಟು ಸಿಗುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ಆ ಮನೆಯ ಎರಡು ಹಸುಗಳೂ ಕೊಟ್ಟಿಗೆಯಲ್ಲೇ ಇವೆ. ಅವತ್ತು ನಾನು ತಪಾಸಣೆ ಮಾಡಿದ ಹಸುವಿಗೆ ಈಗ ಮೂರು ತಿಂಗಳು.